ಟಿಆರ್6ರ ಹಿಂದಿನ ಹಬ್

ಇಂಗ್ಲೆಂಡಿನ ಟ್ರಯಂಫ್ ಕಂಪನಿಯ ಟಿಆರ್ ಸರಣಿಯ ಸ್ಪೋರ್ಟ್ಸ್ ಕಾರುಗಳಲ್ಲಿ, ಹಿಂದಿನ ಎರಡು ಚಕ್ರಗಳು ಒಂದರ ಹಂಗಿಲ್ಲದೆ ಇನ್ನೊಂದು ಏರಿಳಿಯುವ ವ್ಯವಸ್ಥೆ 1965ರ ಟಿಆರ್4ಎ ಮಾದರಿಯೊಂದಿಗೆ ಬಂದಿತು. 1976ರವರೆಗೆ ತಯಾರಾದ ಟಿಆರ್6 ಅದನ್ನೇ ಉಳಿಸಿಕೊಂಡಿತು. ಇಲ್ಲಿ ಒಂದೇ ಅಖಂಡ ಆಕ್ಸಲ್ ಇಲ್ಲ. ಎಂಜಿನ್ನಿನ ಬಲವನ್ನು ಎರಡೂ ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ ಚಾಸಿಗೆ ಬಿಗಿದಿರುತ್ತದೆ, ಅದರ ಇಕ್ಕೆಲದಲ್ಲಿ ಒಂದೊಂದು ಹಾಫ್ ಶಾಫ್ಟ್ ಇರುತ್ತದೆ. ಚಕ್ರ ಏರಿಳಿದಂತೆ ಶಾಫ್ಟಿನ ಉದ್ದವೂ ಬದಲಾಗಲೇಬೇಕಾದ್ದರಿಂದ ಅದರ ನಡುವೆ ಸ್ಪ್ಲೈನ್, ಅಂದರೆ ಒಂದರೊಳಗೊಂದು ಜಾರುವ ಉದ್ದುದ್ದ ಹಲ್ಲುಗಳ ಜೋಡಣೆ ಇದೆ. ಗ್ರೀಸ್ ಒಣಗಿ ಹಲ್ಲು ಸವೆದರೆ, ವೇಗ ಹೆಚ್ಚಿಸುವಾಗ ಕಚ್ಚಿಕೊಂಡಿದ್ದ ಸ್ಪ್ಲೈನ್ ಆಕ್ಸಿಲರೇಟರಿನಿಂದ ಕಾಲು ತೆಗೆದೊಡನೆ ಸರಕ್ಕನೆ ಜಾರಿ, ತಿರುವಿನಲ್ಲಿ ಕಾರಿನ ಹಿಂಭಾಗ ಕೊಸರುತ್ತದೆ.

ಶಾಫ್ಟನ್ನು ಹೊರತೆಗೆಯುವುದೇನೂ ಕಷ್ಟವಲ್ಲ. ಚಕ್ರ ಮತ್ತು ಬ್ರೇಕ್ ಡ್ರಮ್ ತೆಗೆದು, ಡಿಫರೆನ್ಷಿಯಲ್ ಕಡೆಯ ನಾಲ್ಕು ನಟ್‌ಗಳನ್ನೂ ಹಬ್ಬಿನ ಕಡೆಯ ಆರನ್ನೂ ಬಿಚ್ಚಿದರೆ, ಹಬ್ ಸಮೇತ ಇಡೀ ಶಾಫ್ಟ್ ಹೊರಗೆ ಬರುತ್ತದೆ. ಈ ಸುಲಭವೇ ಮನೆಯಂಗಳದ ಮೆಕ್ಯಾನಿಕ್ಕನ್ನು ಮೋಸಗೊಳಿಸುವುದು. ಚಕ್ರವನ್ನು ಹೊರುವ ಹಬ್, ಸ್ಟಬ್ ಎಂಬ ಗಿಡ್ಡ ಶಾಫ್ಟಿನ ಟೇಪರ್, ಅಂದರೆ ಕ್ರಮೇಣ ಕಿರಿದಾಗುವ ತುದಿಯ ಮೇಲೆ ದಶಕಗಳಿಂದ ಕಚ್ಚಿ ಕುಳಿತಿರುತ್ತದೆ. ಒಳಗಿನ ಬೇರಿಂಗ್ ಬದಲಿಸಲು ಅದನ್ನು ಬಿಡಿಸಹೊರಟರೆ ಸುತ್ತಿಗೆಯ ಪೆಟ್ಟಿಗೆ ಅದು ಬಗ್ಗುವುದಿಲ್ಲ, ಬಗ್ಗುವುದು ಹಬ್ಬಿನ ಅಂಚು ಮಾತ್ರ. ಅದಕ್ಕೆಂದೇ ಮಾಡಿದ ಪುಲ್ಲರ್, ಭಾರಿ ಪ್ರೆಸ್ ಇಲ್ಲದವರು ಈ ಭಾಗವನ್ನು ಬಲ್ಲ ಕಾರ್ಯಾಗಾರಕ್ಕೆ ಒಪ್ಪಿಸುವುದೇ ಲೇಸು.

ಬೇರಿಂಗ್ ಹೊಸದಾಗಿ ಹಾಕಿಸಿ ಹಳೆಯ ಸ್ಟಬ್ಬನ್ನೇ ಉಳಿಸುವ ಉಳಿತಾಯವಂತೂ ಒಪ್ಪತಕ್ಕದ್ದಲ್ಲ. ವರ್ಷಗಟ್ಟಲೆ ಬಾಗಿಸುವ ಬಲವನ್ನು ತಾಳಿದ ಉಕ್ಕಿನಲ್ಲಿ ಬರಿಗಣ್ಣಿಗೆ ಕಾಣದ ಬಿರುಕು ಹುಟ್ಟಬಹುದು. ಸ್ಟಬ್ ತುಂಡಾದರೆ ಚಕ್ರವು ಹಬ್ ಮತ್ತು ಡ್ರಮ್ಮಿನೊಡನೆ ಕಳಚಿಹೋಗುತ್ತದೆ. ಕಾಂತೀಯ ಪರೀಕ್ಷೆಯಿಂದ ಬಿರುಕು ಪತ್ತೆಯಾಗುತ್ತದೆಯಾದರೂ, ಹೊಸ ಸ್ಟಬ್ ಹಾಕುವುದೇ ಖಚಿತವಾದ ದಾರಿ.

ಹಬ್ಬನ್ನು ಹಿಡಿಯುವ ಆರು ಸ್ಟಡ್‌ಗಳು ಚಕ್ರವನ್ನು ಚಾಸಿಗೆ ಜೋಡಿಸುವ ಅಲ್ಯೂಮಿನಿಯಂ ತೋಳಿನಲ್ಲಿ ಕೂತಿರುವುದರಿಂದ, ತುಸು ಹೆಚ್ಚು ಬಿಗಿದರೂ ಅದರ ರಂಧ್ರದ ಮೆದು ಥ್ರೆಡ್, ಅಂದರೆ ತಿರುಪಿನ ಸುತ್ತುಗಳು ಕಿತ್ತುಬರುತ್ತವೆ. ಆಗ ರಂಧ್ರವನ್ನು ಹಿರಿದು ಮಾಡಿ ಹೆಲಿಕಾಯಿಲ್ ಎಂಬ ಉಕ್ಕಿನ ಸುರುಳಿಯನ್ನು ಕೂರಿಸಬೇಕು. ಸ್ಪ್ಲೈನನ್ನು ಮತ್ತೆ ಸೇರಿಸುವಾಗ ಎರಡು ತುದಿಗಳ ಯೂನಿವರ್ಸಲ್ ಜಾಯಿಂಟ್, ಅಂದರೆ ಓರೆಯಾದಾಗಲೂ ತಿರುಗಬಲ್ಲ ಕೀಲುಗಳ ಕವೆಗಳು ಒಂದೇ ಸಮತಲದಲ್ಲಿ ನಿಲ್ಲಬೇಕು; ಒಂದೆರಡು ಹಲ್ಲು ಆಚೀಚೆಯಾದರೂ ಶಾಫ್ಟ್ ಅದುರುತ್ತದೆ. ಆದ್ದರಿಂದ ಬಿಚ್ಚುವ ಮೊದಲೇ ಎರಡೂ ಭಾಗಗಳ ಮೇಲೆ ಬಣ್ಣದ ಗೆರೆಯೆಳೆದುಕೊಳ್ಳುವುದು ವಾಡಿಕೆ.