ಪೋಳಿನ ಮನೆಗೆ ಮುಖವೊಂದೇ ಸಾಕೆ?

ಊರಿನಿಂದ ನೆಂಟರು ಬಂದಾಗ ಅಹಮದಾಬಾದಿನ ಹಳೆಯ ಪೇಟೆಯನ್ನು ತೋರಿಸದ ಕನ್ನಡಿಗರು ನಮ್ಮಲ್ಲಿ ಕಡಿಮೆ. ಲಾಂಬೇಶ್ವರನ ಪೋಳಿನಲ್ಲಿ ಕವಿ ದಲಪತರಾಮರ (1820–1898) ಮನೆಯ ಮುಂದೆ ಎಲ್ಲರೂ ನಿಲ್ಲುತ್ತಾರೆ. ಜಗಲಿಯ ಮೇಲೆ ಕವಿಯ ಪ್ರತಿಮೆ, ಹಿಂದೆ ಮರದ ಕಂಬಗಳು. ಆದರೆ ಅದರ ಹಿಂದೆ ಮನೆಯೇ ಇಲ್ಲ! ಮುಂಭಾಗವನ್ನಷ್ಟೇ ಮರಳಿ ಕಟ್ಟಿದ್ದಾರೆ. ಕವಿಗೆ ಸಂದ ಗೌರವ ಸಂತೋಷದ್ದೇ; ಕಟ್ಟಡವೆಂದು ನೋಡಿದರೆ ಮಾತ್ರ ಅದೊಂದು ಮುಖವಾಡ.

ಪೋಳಿನ ಮನೆಯ ಹೆಚ್ಚುಗಾರಿಕೆ ಕೆತ್ತನೆಗಿಂತ ಅದರ ಎಲುಬುಗೂಡಿನಲ್ಲಿದೆ. ಕಲ್ಲಿನ ಪೀಠದ ಮೇಲೆ ಮರದ ಕಂಬ, ಅದರ ಮೇಲೆ ಬೋದಿಗೆ, ತೊಲೆ, ಜಂತಿ. ನಡುವಿನ ಜಾಗಕ್ಕೆ ಇಟ್ಟಿಗೆ. ಇಂಗ್ಲೆಂಡಿನ ಹಳೆಯ ಪಾನಗೃಹಗಳಲ್ಲಿ ಇಂಥ ಚೌಕಟ್ಟು ಹೊರಗಿನಿಂದಲೇ ಕಾಣುತ್ತದೆ. ಇಲ್ಲಿ ಬಹುಪಾಲು ಗೋಡೆಯೊಳಗೆ ಅಡಗಿರುತ್ತದೆ. ಒಳಗಿನ ಚೌಕವಂತೂ ನಮ್ಮ ತೊಟ್ಟಿಮನೆಯ ಅಂಗಳದ ತಂಗಿ. ಗಾಳಿ ಬೆಳಕು ಅಲ್ಲಿಂದಲೇ. ಎಷ್ಟೋ ಮನೆಗಳಲ್ಲಿ ಅದರಡಿಯ ಟಾಂಕಾದಲ್ಲಿ ಮಳೆನೀರೂ ಉಂಟು. ಅಕ್ಕಪಕ್ಕದ ಮನೆಗಳು ಗೋಡೆಗೆ ಗೋಡೆ ಕೊಟ್ಟು ನಿಂತಿರುತ್ತವೆ. 2001ರ ಜನವರಿ 26ರ ಭೂಕಂಪದಲ್ಲಿ ಹೊಸ ಬಡಾವಣೆಗಳ ಹಲವು ಕಾಂಕ್ರೀಟ್ ಮಹಡಿಗಳು ಕುಸಿದವು. ಪೋಳಿನ ಗೋಡೆಗಳು ಬಿರುಕು ಬಿಟ್ಟವು, ಆದರೆ ಮರದ ಚೌಕಟ್ಟಿನ ಹೆಚ್ಚಿನ ಮನೆಗಳು ನಿಂತವು. ಮರ ಬಳುಕುತ್ತದೆ, ಕೂಡಲೇ ಮುರಿಯುವುದಿಲ್ಲ.

ಹಾಗೆಂದು ಮರದ ಮನೆಯನ್ನು ಹಾಡಿ ಹೊಗಳಬೇಕಾಗಿಲ್ಲ. ಬೆಂಕಿಗೆ ಅದು ಸುಲಭದ ತುತ್ತು. 1837ರಲ್ಲಿ ಸೂರತ್ತಿನ ಸಾವಿರಾರು ಮನೆಗಳು ಸುಟ್ಟುಹೋದವು. ಗೆದ್ದಲಿನ ಕಾಟ, ಒಳಕೋಣೆಗಳ ಕತ್ತಲೆ, ಮೊಣಕಾಲು ನೋವಿನವರನ್ನು ಅಳಿಸುವ ಕಡಿದಾದ ಏಣಿಮೆಟ್ಟಿಲು, ಇವೆಲ್ಲ ಅಲ್ಲಿ ಬಾಳುವವರ ದಿನನಿತ್ಯದ ಮಾತು. ಮಾರಿ ಹೊರಟವರನ್ನು ದೂರುವ ಹಕ್ಕು ಫ್ಲ್ಯಾಟಿನಲ್ಲಿರುವ ನಮಗಿಲ್ಲ.

ನನ್ನ ತಕರಾರು ಮೆಚ್ಚುವವರ ಕಣ್ಣಿನ ಬಗ್ಗೆ. 2017ರಲ್ಲಿ ಯುನೆಸ್ಕೋ ಈ ಹಳೆಯ ನಗರವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಭಾರತದಲ್ಲಿ ಆ ಮನ್ನಣೆ ಪಡೆದ ಮೊದಲ ನಗರ ಇದೇ. ಕ್ಯಾಮೆರಾಗಳು ಈಗಲೂ ಕೆತ್ತನೆಯ ಮೇಲೇ. ಕೆತ್ತಿದ ತುಂಡಿಗೆ ಬೆಲೆ ಬಂದಷ್ಟೂ ಅದನ್ನು ಕಿತ್ತು ಮಾರುವ ಆಸೆ ಬಲಿಯುತ್ತದೆ. ಅದು ಯಾವುದೋ ಹೋಟೆಲಿನ ಗೋಡೆಗೆ ಅಲಂಕಾರವಾಗಬಹುದು; ಇತ್ತ ಒಂದು ಮನೆ ಇಳಿದರೆ ಪಕ್ಕದ ಮನೆಗೆ ಊರುಗೋಲು ಕೊಡಬೇಕಾಗುತ್ತದೆ.

ಬಿಡುವಿದ್ದವರು ವಡೋದರಾದ ತಾಂಬೇಕರ್ ವಾಡೆಗೂ ಒಮ್ಮೆ ಹೋಗಿಬನ್ನಿ. ದಿವಾನರೊಬ್ಬರು ಬಾಳಿದ, ಮರದ ಚೌಕಟ್ಟಿನ ಹತ್ತೊಂಬತ್ತನೆಯ ಶತಮಾನದ ಮನೆ ಅದು. ಗೋಡೆಯ ಚಿತ್ರಗಳು ಅಲ್ಲಲ್ಲಿ ಮಾಸಿವೆ. ಆದರೆ ಕಂಬ, ತೊಲೆ, ಮಹಡಿಗಳೆಲ್ಲ ತಮ್ಮ ತಮ್ಮ ಜಾಗದಲ್ಲಿವೆ. ಬಾಗಿಲು ದಾಟಿದರೆ ಒಳಗೆ ಮನೆಯಿದೆ.