ನಾಗಾರಾಧನೆಯೂ ‘ನಾಗಜನಾಂಗ’ವೂ: ಸಕ್ರೆಬೈಲಿನ ಪರಿಸರದಿಂದ ಒಂದು ವಿಮರ್ಶೆ

ವೃಕ್ಷಾರಾಧನೆ ಮತ್ತು ಸರ್ಪಾರಾಧನೆಗಳನ್ನು ಕುರಿತು ಜೇಮ್ಸ್ ಫರ್ಗುಸನ್ನರು ರಚಿಸಿದ ಬೃಹದ್ಗ್ರಂಥವು 1868ರಲ್ಲಿ ಪ್ರಕಟವಾಯಿತು. ಸಾಂಚಿ, ಅಮರಾವತಿಗಳ ಶಿಲ್ಪಸಂಪತ್ತನ್ನು ವಿದ್ವಾಂಸರ ಮುಂದಿರಿಸಿದ ಶ್ರೇಯಸ್ಸು ಅದಕ್ಕೆ ಸಲ್ಲತಕ್ಕದ್ದೇ. ಆದರೆ ಸರ್ಪಪೂಜೆಯು ಆರ್ಯರದಲ್ಲ, ‘ತುರಾನಿ’ ಎಂಬ ಬೇರೊಂದು ಜನಾಂಗದ್ದು ಎಂಬ ಅದರ ಪ್ರಮೇಯವನ್ನು ನಮ್ಮ ಮಲೆನಾಡಿನ ಸಾಮಗ್ರಿಯಿಂದ ಪರೀಕ್ಷಿಸಿ ನೋಡುವುದು ಅವಶ್ಯಕ. ನಾಗಬನಗಳನ್ನು ನೋಡಹೋಗುವವರು ಅಲ್ಲಿ ಅಳಿದ ಜನಾಂಗವೊಂದರ ಪಳೆಯುಳಿಕೆಯನ್ನೇ ಅರಸುವ ರೂಢಿಗೆ ಈ ಪ್ರಮೇಯವೇ ಮೂಲ.

ಮೊದಲು ಶಬ್ದವಿಚಾರ. ಸಂಸ್ಕೃತದಲ್ಲಿ ‘ನಾಗ’ವೆಂದರೆ ಹಾವು ಮಾತ್ರವಲ್ಲ, ಆನೆಯೂ ಹೌದು. ಶಿವಮೊಗ್ಗ–ತೀರ್ಥಹಳ್ಳಿ ಮಾರ್ಗದಲ್ಲಿ, ಗಾಜನೂರು ಅಣೆಕಟ್ಟಿನ ಹಿನ್ನೀರಿನ ದಡದಲ್ಲಿರುವ ಸಕ್ರೆಬೈಲಿನ ಆನೆಬಿಡಾರದಲ್ಲಿ ನಿಂತವನಿಗೆ ಈ ಎರಡನೆಯ ಅರ್ಥವೇ ಮೊದಲು ಹೊಳೆಯಬೇಕು. ಈಶಾನ್ಯದ ಅಂಗಾಮಿ, ಆವೊ, ಸುಮಿ ಮೊದಲಾದ ಜನಗಳಿಗೆ ‘ನಾಗಾ’ ಎಂಬ ಸಾಮೂಹಿಕ ನಾಮವು ಹೊರಗಿನವರಿಂದ ಬಂದುದು; ಅದರ ನಿಷ್ಪತ್ತಿಯಲ್ಲಿ ಏಕಾಭಿಪ್ರಾಯವಿಲ್ಲ. ಆ ಬೆಟ್ಟಗಳ ಪವಿತ್ರಸ್ಥಾನಗಳನ್ನೂ ನಮ್ಮ ನಾಗಬನಗಳನ್ನೂ ಹೆಸರಿನ ಸಾಮ್ಯದಿಂದಲೇ ಒಂದೆಂದು ಭಾವಿಸುವುದು ಇಬ್ಬರಿಗೂ ಅನ್ಯಾಯ.

ಇನ್ನು ಶಾಸನಪ್ರಮಾಣ. ಬನವಾಸಿಯ ಮಧುಕೇಶ್ವರ ದೇವಾಲಯದಲ್ಲಿ ಐದು ಹೆಡೆಯ ನಾಗಶಿಲೆಯೊಂದಿದೆ. ಅದರ ಮೇಲಿನ ಪ್ರಾಕೃತ ಶಾಸನವು ಹಾರಿತೀಪುತ್ರನೆನಿಸಿದ ಚುಟು ಅರಸನ ಆಳ್ವಿಕೆಯ 12ನೆಯ ವರ್ಷದ್ದು. ದಾನಿ ಮಹಾರಾಜನ ಮಗಳು. ದಾನದ ವಸ್ತುಗಳು ನಾಗಪ್ರತಿಮೆ, ಕೆರೆ ಮತ್ತು ವಿಹಾರ. ಅಂದರೆ ಈ ಸೀಮೆಯ ನಾಗಪೂಜೆಯ ಅತಿಪ್ರಾಚೀನ ಲಿಖಿತ ಸಾಕ್ಷ್ಯದಲ್ಲೇ ರಾಜಕುಲ, ಬೌದ್ಧವಿಹಾರ, ಜಲಾಶಯ ಮೂರೂ ಕೂಡಿ ನಿಂತಿವೆ. ಅದೇ ಮನೆತನದ ಅರಸನನ್ನು ಶಿಕಾರಿಪುರ ತಾಲ್ಲೂಕಿನ ಮಳವಳ್ಳಿಯ ಸ್ತಂಭಶಾಸನವು ಮಾನವ್ಯಗೋತ್ರದವನೆಂದು ಹೇಳುತ್ತದೆ. ಮುಂದೆ ಸೇಂದ್ರಕರು ಭುಜಗೇಂದ್ರಾನ್ವಯವನ್ನೂ ಸಿಂದರು ನಾಗವಂಶವನ್ನೂ ಹೇಳಿಕೊಂಡರು. ಇವು ರಾಜಕುಲಗಳು ಹೆಮ್ಮೆಯಿಂದ ಧರಿಸಿದ ಬಿರುದುಗಳು. ಸೋತ ಜನಾಂಗದ ಕುರುಹುಗಳಲ್ಲ.

ಹಾಗೆಂದು ಅರಣ್ಯವಾಸಿಗಳ ಪಾಲನ್ನು ಅಲ್ಲಗಳೆಯುವುದೂ ಸಲ್ಲದು. ಶಾಸನವು ದಾನಿಯನ್ನು ಹೆಸರಿಸುತ್ತದೆ. ಮಳೆಗಾಲದಲ್ಲಿ ಬನದ ದಾರಿ ಸವರಿದವನನ್ನು ಹೆಸರಿಸುವುದಿಲ್ಲ. ಮಲೆನಾಡಿನ ಹಸಲರಂತಹ ಸಮುದಾಯಗಳ ಆಚರಣೆಯನ್ನು ‘ಆದಿಮ’ವೆಂದು ಕರೆದೊಡನೆ ಅವರಿಗೆ ಇತಿಹಾಸವೇ ಇಲ್ಲವೆಂದು ಹೇಳಿದಂತಾಗುತ್ತದೆ. ಜನಾಂಗವಾದದ ಗುರುತರ ದೋಷವಿದು.

ಮಾಧವ ಗಾಡ್ಗೀಳ್ ಮತ್ತು ವಿ. ಡಿ. ವರ್ತಕರು 1976ರಲ್ಲಿ ಪಶ್ಚಿಮಘಟ್ಟದ ದೇವರಕಾಡುಗಳನ್ನು ಕುರಿತು ಬರೆದ ಲೇಖನವು ಚರ್ಚೆಯನ್ನು ರಕ್ತದಿಂದ ನೆಲಕ್ಕೆ ಇಳಿಸಿತು, ಇದು ಮಹೋಪಕಾರ. ಆದರೂ ಬನವನ್ನು ಸಸ್ಯರಕ್ಷಣೆಯ ಉಪಾಯವೆಂದಷ್ಟೇ ಗಣಿಸಿದರೆ ಹರಕೆ, ಭಯ, ಕುಟುಂಬದ ಹಕ್ಕು ಇವೆಲ್ಲ ಲೆಕ್ಕದಿಂದ ಬಿಟ್ಟುಹೋಗುತ್ತವೆ. ಕೊಡಲಿಯನ್ನು ತಡೆದದ್ದು ಇವೇ ಅಲ್ಲವೆ?

ಸಕ್ರೆಬೈಲಿನ ಸುತ್ತಣ ಶೆಟ್ಟಿಹಳ್ಳಿ ಕಾಡು 1974ರಲ್ಲಿ ಅಭಯಾರಣ್ಯವಾಯಿತು. ಅದಕ್ಕೂ ಮೊದಲೇ, ಲಿಂಗನಮಕ್ಕಿ ಜಲಾಶಯದಿಂದ ನೆಲೆ ಕಳೆದುಕೊಂಡ ಶರಾವತಿ ಕಣಿವೆಯ ಕುಟುಂಬಗಳಿಗೆ ಈ ಕಾಡುಗಳಲ್ಲಿ ಪುನರ್ವಸತಿಯನ್ನು ಕಲ್ಪಿಸಲಾಗಿತ್ತು. ಮುಳುಗಿದ ಊರುಗಳ ಬನಗಳನ್ನು ಯಾರು ನೆನೆಯುತ್ತಾರೆ, ಹೊಸ ನೆಲದಲ್ಲಿ ಯಾವ ಕಲ್ಲಿಗೆ ಪೂಜೆ ನಡೆಯುತ್ತದೆ, ಅಭಯಾರಣ್ಯದ ಗಡಿಯೊಳಗೆ ಆ ಪೂಜೆಗೆ ಹಕ್ಕು ಯಾರದು ಎಂಬ ಪ್ರಶ್ನೆಗಳು ಫರ್ಗುಸನ್ನರ ಚೌಕಟ್ಟಿನಲ್ಲಿ ಹುಟ್ಟಲಾರವು. ಊರೂರಿನ ಬನಗಳ ಪಟ್ಟಿಯನ್ನು, ಅವುಗಳ ನೀರಿನ ನೆಲೆ ಮತ್ತು ಪೂಜೆಯ ಸರದಿಗಳ ವಿವರಗಳೊಡನೆ, ಹಿರಿಯರಿಂದ ಕೇಳಿ ಬರೆದಿಡುವುದು ಜಿಲ್ಲೆಯ ಇತಿಹಾಸ ವಿದ್ಯಾರ್ಥಿಗಳ ಮುಂದಿರುವ ಕಾರ್ಯ. ಮುಳುಗಡೆಯ ಮುನ್ನಿನ ಊರನ್ನು ಬಲ್ಲವರು ಈಗ ವಯೋವೃದ್ಧರಾದುದರಿಂದ ಈ ಕಾರ್ಯಕ್ಕೆ ವಿಳಂಬ ಸಲ್ಲದು.