ನೀರ ದಡದ ಹಳೆಯ ಮನೆ

ಹಳೆಯ ಕಟ್ಟಡವೊಂದನ್ನು ಹೊಸ ಕೆಲಸಕ್ಕೆ ಒದಗಿಸುವುದೂ ಒಂದು ಕಲೆ. ಆದರೆ ಅದರ ಗೆಲುವನ್ನು ಗೋಡೆಗೆ ಬಳಿದ ಬಣ್ಣದಿಂದ ಅಳೆಯಲಾಗದು. ಸುತ್ತಲಿನ ಜನ ಅಲ್ಲಿಗೆ ಸಲಿಗೆಯಿಂದ ಹೋಗಿಬರುತ್ತಾರೆಯೇ ಎಂಬುದೇ ಒರೆಗಲ್ಲು. ಕಟ್ಟಡ ನೀರಿನ ಬಳಿ ಇದ್ದರಂತೂ ಈ ಮಾತು ಇನ್ನಷ್ಟು ನಿಜ.

ಮೈಸೂರಿನ ಜಯಲಕ್ಷ್ಮೀವಿಲಾಸವನ್ನೇ ನೋಡೋಣ. ಚಾಮರಾಜ ಒಡೆಯರ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯವರಿಗಾಗಿ 1905ರಲ್ಲಿ ಕುಕ್ಕರಹಳ್ಳಿ ಕೆರೆಯ ಸಮೀಪದ ದಿಣ್ಣೆಯ ಮೇಲೆ ಎದ್ದ ಮಹಲು ಅದು. ಮುಂದೆ ವಿಶ್ವವಿದ್ಯಾನಿಲಯದ ಕೈಸೇರಿ, 1960ರ ದಶಕದ ಕೊನೆಯ ಹೊತ್ತಿಗೆ ಜಾನಪದ ವಸ್ತುಸಂಗ್ರಹಾಲಯವಾಯಿತು. ರಾಜಕುಮಾರಿ ಬಾಳಿದ ಮನೆಯೊಳಕ್ಕೆ ಸೋಮನ ಕುಣಿತದ ಮುಖವಾಡಗಳೂ ತೊಗಲುಗೊಂಬೆಗಳೂ ಯಕ್ಷಗಾನದ ಕಿರೀಟಗಳೂ ಬಂದುವು. ಅರಮನೆ ಹಳ್ಳಿಗೆ ಬಾಗಿಲು ತೆರೆದ ಈ ಕಲ್ಪನೆ ದೊಡ್ಡದು, ಅದಕ್ಕೆ ತಲೆಬಾಗಲೇಬೇಕು.

ಕೊರತೆ ಇರುವುದು ಬೇರೆ ಕಡೆ. ಕುವೆಂಪು ಅವರ ಕವಿತೆಗೆ ವಸ್ತುವಾದ ಆ ಕೆರೆಯ ಏರಿಗೆ ಜೀವ ಬರುವುದು ಮುಂಜಾನೆ ಮತ್ತು ಸಂಜೆ. ಸಂಗ್ರಹಾಲಯವಾದರೋ ಕಚೇರಿಯ ವೇಳೆಯನ್ನು ನಂಬಿದ್ದು. ನಡೆಯಲು ಬಂದವರಿಗೆ ಮಹಲಿಲ್ಲ, ಮಹಲನ್ನು ನೋಡಬಂದವರಿಗೆ ಕೆರೆಯಿಲ್ಲ. ಸಂಜೆಯ ತಂಪಿನಲ್ಲಿ ಅದರ ಅಂಗಳದಲ್ಲಿ ಒಂದು ಗೊಂಬೆಯಾಟ ನಡೆಯಲಿ, ಒಂದು ತಮಟೆ ಮೊಳಗಲಿ. ಏರಿಯ ಜನ ತಾವಾಗಿಯೇ ದಿಣ್ಣೆ ಹತ್ತಿಯಾರು. ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಜೀರ್ಣೋದ್ಧಾರಗೊಂಡ ಕಟ್ಟಡವೂ ಕೆಲವು ವರ್ಷಗಳಲ್ಲೇ ಮತ್ತೆ ದುರಸ್ತಿಯನ್ನು ಬೇಡಿತು. ಜೀರ್ಣೋದ್ಧಾರ ಒಂದು ದಿನದ ಉತ್ಸವ, ಬಳಕೆಯೇ ನಿತ್ಯಪೂಜೆ.

ಈ ಮಾತನ್ನು ನಾನು ಆಡುತ್ತಿರುವುದು ನಮ್ಮ ಗೌರಿಬಿದನೂರು ಸೀಮೆಯ ವಿದುರಾಶ್ವತ್ಥವನ್ನು ನೆನೆದು. ಉತ್ತರ ಪಿನಾಕಿನಿಯ ಆ ದಡದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ನೆರೆದ ಜನರ ಮೇಲೆ ಗುಂಡು ಹಾರಿತು. ಇಂದು ಅಲ್ಲಿ ಸ್ಮಾರಕವಿದೆ, ಚಿತ್ರಶಾಲೆಯಿದೆ, ಸಾವಿರಾರು ನಾಗರಕಲ್ಲುಗಳಿವೆ. ನಾಗಪ್ರತಿಷ್ಠೆಗೆ ಬಂದ ಗೃಹಿಣಿ, ಶಾಲೆಯ ಮಕ್ಕಳು, ದಣಿದ ದಾರಿಹೋಕ, ಈ ಮೂವರೂ ಚಿತ್ರಶಾಲೆಯ ಮೆಟ್ಟಿಲು ಹತ್ತುವಂತಾಗಬೇಕು. ಅಲ್ಲಿಂದ ಇಳಿದವರು ನೆರಳಿನ ದಾರಿಯಲ್ಲಿ ಹೊಳೆಯವರೆಗೂ ಹೋಗುವಂತಿರಬೇಕು. ವರ್ಷಕ್ಕೊಮ್ಮೆ ಮಾಲೆ ಹಾಕಿದರೆ ಸಾಲದು.

ಹೊಳೆಯ ಮಾತು ಬಂದಾಗ ಮಾತ್ರ ನಾಲಗೆ ತಡವರಿಸುತ್ತದೆ. ಪಿನಾಕಿನಿಯ ಪಾತ್ರ ವರ್ಷದ ಬಹುಕಾಲ ಬತ್ತಿರುತ್ತದೆ. ದಡವನ್ನು ಎಷ್ಟು ಸಿಂಗರಿಸಿದರೂ ನೀರಿಲ್ಲದ ಹೊಳೆ ಯಾರನ್ನು ಕರೆದೀತು? ನಂದಿಯ ಗಿರಿಸಾಲಿನಿಂದ ಕೆಳಗಿನ ಕೆರೆಕಾಲುವೆಗಳ ಹೂಳನ್ನು ತೆಗೆಯುವ ಕೆಲಸವೂ ಈ ಸ್ಮಾರಕದ ಕೆಲಸವೇ ಎಂದು ಬಗೆದ ದಿನ, ಆ ದಡಕ್ಕೆ ಮತ್ತೆ ಜನ ಸೇರಿಯಾರು.